ಕೀಚಕ, ಕಡಜ ಮತ್ತು ಗಳಗನಾಥರು

ನಮ್ಮ ಹಾನಗಲ್ಲಿನಲ್ಲಿ ಒಂದು ಕೊಲೆ ನಡೆದಿದೆ. ಸತ್ತವನು ಸಾಮಾನ್ಯನಲ್ಲ. ರಾಣಿಯ ಒಡಹುಟ್ಟಿದವ, ರಾಜ್ಯದ ಸೇನಾಪತಿ. ಕೊಲೆಯಾದದ್ದು ನಡುರಾತ್ರಿ, ನಾಟ್ಯಶಾಲೆಯ ಕತ್ತಲಲ್ಲಿ. ಆಯುಧ ಸಿಕ್ಕಿಲ್ಲ. ಕೈ, ಕಾಲು, ತಲೆ ಎಲ್ಲವನ್ನೂ ಮುಂಡದೊಳಕ್ಕೆ ತುರುಕಿ ಹೆಣವನ್ನು ಮಾಂಸದ ಮುದ್ದೆ ಮಾಡಿದ್ದರಿಂದ, ಪಂಚನಾಮೆಗೆ ಬಂದವರಿಗೆ ಎಲ್ಲಿಂದ ಬರೆಯಲು ಶುರು ಮಾಡಬೇಕೆಂದೇ ತಿಳಿದಿರಲಿಕ್ಕಿಲ್ಲ. ಅರಮನೆಯ ಅಡುಗೆಯವ ಆ ಹೊತ್ತಿನಲ್ಲಿ ಒಲೆಯ ಪಕ್ಕ ಮಲಗಿದ್ದನಂತೆ. ಸೈರಂಧ್ರಿ ಎಂಬ ದಾಸಿ ತನ್ನ ಗಂಧರ್ವ ಗಂಡಂದಿರೇ ಕೊಂದರೆಂದು ಹೇಳಿಕೆ ಕೊಟ್ಟಳು. ರಾಜ ನಂಬಿದ. ಪ್ರಕರಣ ಮುಗಿಯಿತು.

ಕೀಚಕವಧೆ ನಮ್ಮೂರಲ್ಲೇ ಆಯಿತು ಎಂಬುದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಶಾಸನಗಳ ಪಾನುಂಗಲ್ಲೇ ವಿರಾಟನಗರಿ, ವಿರಾಟನಕೋಟೆ. ಪಾಂಡವರು ಅಜ್ಞಾತವಾಸದ ಒಂದು ವರ್ಷ ಕಳೆದದ್ದು ಇಲ್ಲಿಯೇ. ಬೇಕಾದರೆ ಕುಂತಿಯ ದಿಬ್ಬ ತೋರಿಸುತ್ತೇವೆ. ಅಜ್ಞಾತವಾಸಕ್ಕೆ ಕುಂತಿ ಬಂದೇ ಇರಲಿಲ್ಲವಲ್ಲ ಎಂದು ಯಾರಾದರೂ ಪಂಡಿತರು ಕೇಳಿದರೆ, ಮಕ್ಕಳನ್ನು ನೋಡಲು ತಾಯಿ ಒಮ್ಮೆ ಬಂದು ಹೋಗಿರಬಾರದೇನು ಎಂದು ತಿರುಗಿ ಕೇಳುತ್ತೇವೆ. ರಾಜಸ್ಥಾನದ ಬೈರಾಟದವರೂ ವಿರಾಟನಗರ ತಮ್ಮದೇ ಎನ್ನುತ್ತಾರೆ. ಅನ್ನಲಿ. ರಾಜಧಾನಿಯನ್ನು ಬೇಕಾದರೆ ಅವರು ಇಟ್ಟುಕೊಳ್ಳಲಿ, ಕೊಲೆಯನ್ನು ಮಾತ್ರ ಬಿಟ್ಟುಕೊಡುವ ಮಾತೇ ಇಲ್ಲ.

ಈ ಪ್ರಕರಣದ ನಿಜವಾದ ಪತ್ತೇದಾರ ದುರ್ಯೋಧನ. ನಮ್ಮ ಕಡೆ ಕಥೆ ಹೇಳುವವರು ಈ ಭಾಗಕ್ಕೆ ಬಂದಾಗ ಎಲೆ ಅಡಿಕೆಯನ್ನು ದವಡೆಯ ಒಂದು ಬದಿಗೆ ಸರಿಸಿಕೊಳ್ಳುತ್ತಿದ್ದರು. ಹಸ್ತಿನಾವತಿಯ ಗಾದಿ ಬಿಟ್ಟು ಅವನು ಏಳಲಿಲ್ಲ, ಸ್ಥಳ ಪರಿಶೀಲನೆ ಮಾಡಲಿಲ್ಲ, ಸಾಕ್ಷಿಗಳನ್ನು ಕರೆಸಲಿಲ್ಲ. ಕೀಚಕನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಭೂಮಿಯ ಮೇಲೆ ಬಲರಾಮ, ಶಲ್ಯ, ಭೀಮ ಈ ಮೂವರೇ. ಮೊದಲಿನ ಇಬ್ಬರು ತಮ್ಮ ತಮ್ಮ ಊರಲ್ಲಿದ್ದಾರೆ. ಉಳಿದವನು ಯಾರು? ಕೂತಲ್ಲೇ ಲೆಕ್ಕ ಮುಗಿಸಿ, ವಿರಾಟನ ದನ ಹೊಡೆಯಲು ದಂಡು ಹೊರಡಿಸಿದ. ಅಗಾಥಾ ಕ್ರಿಸ್ಟಿಯ ಕಾದಂಬರಿಗಳ ಪತ್ತೇದಾರ ಹರ್ಕ್ಯುಲ್ ಪೊಯ್ರೊ ಮೀಸೆ ತಿರುವುತ್ತ ಕುರ್ಚಿಯಲ್ಲಿ ಕೂತು ಮೆದುಳಿಗೆ ಕೆಲಸ ಕೊಡುವುದಕ್ಕೆ ಬಹಳ ಮೊದಲಿನ ಮಾತಿದು. ದುರ್ಯೋಧನನಿಗೆ ಬಂದ ಉತ್ತರ ಸರಿಯೇ ಇತ್ತು. ಗಡುವು ಮಾತ್ರ ಮುಗಿದುಹೋಗಿತ್ತು. ಪತ್ತೇದಾರಿಯಲ್ಲಿ ಇದೊಂದು ತೊಂದರೆ.

ಇನ್ನೊಂದು ಸಂಗತಿ. ಮಳೆ ಹಿಂದೆಗೆದ ವರ್ಷ ನಮ್ಮ ಹಳ್ಳಿಗಳಲ್ಲಿ ವಿರಾಟಪರ್ವ ಓದಿಸುತ್ತಾರೆ. ಗುಡಿಯ ಕಟ್ಟೆಯ ಮೇಲೆ ಕುಮಾರವ್ಯಾಸನ ಭಾರತ ಇಟ್ಟು ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು. ಕೊಲೆಯ ಕಥೆ ಓದಿ ಮಳೆ ತರಿಸುವ ಪದ್ಧತಿ ಇಂಗ್ಲೆಂಡಿನಲ್ಲಿ ಇದ್ದಂತೆ ಕಾಣೆ. ಅಲ್ಲಿ ಅದರ ಅಗತ್ಯವೂ ಇಲ್ಲ, ಕೇಳದೆಯೇ ಸುರಿಯುತ್ತದೆ.

ಇಂಗ್ಲೆಂಡಿನ ಮಾತು ಬಂದದ್ದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುವ ನನ್ನ ತಂಗಿಯ ಮಗ ದೀಪಾವಳಿಗೆ ಬಂದವನು ಟಿವಿಗೆ ಏನೇನೋ ಜೋಡಿಸಿ, 'ಮಾಮಾ, ಇದನ್ನ ನೀವು ನೋಡಲೇಬೇಕು' ಎಂದು ಕೂಡಿಸಿದ. ಡಾಕ್ಟರ್ ಹೂ ಎಂಬ ಬಿಬಿಸಿಯ ಧಾರಾವಾಹಿ. 1963ರಲ್ಲಿ ಶುರುವಾದದ್ದು, ನಡುವೆ ವರ್ಷಗಟ್ಟಲೆ ನಿಂತು ಮತ್ತೆ ಎದ್ದು ಬಂದದ್ದು. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯಲ್ಲಿ ಕೂತು ಕಾಲದಲ್ಲಿ ಹಿಂದೆ ಮುಂದೆ ತಿರುಗಾಡುವ ಒಬ್ಬ ಮನುಷ್ಯ ಅದರ ನಾಯಕ. ಮನುಷ್ಯ ಎನ್ನುವಂತೆಯೂ ಇಲ್ಲ, ಅವನಿಗೆ ಎರಡು ಹೃದಯಗಳಿವೆ.

ತೊಂಬತ್ತರ ಅಂಚಿನಲ್ಲಿರುವ ನಮ್ಮ ಸೋದರತ್ತೆ ಒಳಗಿನಿಂದ ಕೋಲೂರಿಕೊಂಡು ಬಂದು ತಮ್ಮ ಕುರ್ಚಿಯಲ್ಲಿ ಕೂತರು. ರಾತ್ರಿಯ ಧಾರಾವಾಹಿಗೆ ಇನ್ನೂ ಹೊತ್ತಿತ್ತು.

'ಯಾವ ಡಾಕ್ಟರೋ ತಮ್ಮಾ? ನಮ್ಮ ಕಡಿಯವನೇನು?'

'ಅಜ್ಜಿ, ಅವನ ಹೆಸರು ಯಾರಿಗೂ ಗೊತ್ತಿಲ್ಲ. ಎಲ್ಲರೂ ಅದನ್ನೇ ಕೇಳತಾರ.'

'ಹೆಸರು ಗೊತ್ತಿಲ್ಲದ ಡಾಕ್ಟರ ಕಡೆ ಯಾರ ಹೋಗತಾರ?'

ಅವನು ಆರಿಸಿಟ್ಟಿದ್ದು ಮೇ 2008ರಲ್ಲಿ ಪ್ರಸಾರವಾದ ಒಂದು ಕಂತು. ಬರೆದವರು ಗ್ಯಾರೆತ್ ರಾಬರ್ಟ್ಸ್. ಡಾಕ್ಟರನಾಗಿ ಡೇವಿಡ್ ಟೆನೆಂಟ್, ಅವನ ಜೊತೆಗಾತಿ ಡೊನ್ನಾ ಆಗಿ ಕ್ಯಾಥರೀನ್ ಟೇಟ್. ಕಾಲ 1926. ಹಳ್ಳಿಯ ದೊಡ್ಡ ಬಂಗಲೆಯೊಂದರ ತೋಟದಲ್ಲಿ ಚಹಾಕೂಟ. ಅತಿಥಿಗಳ ನಡುವೆ ಸ್ವತಃ ಅಗಾಥಾ ಕ್ರಿಸ್ಟಿ. ಅಷ್ಟರಲ್ಲಿ ಗ್ರಂಥಾಲಯದಲ್ಲಿ ಒಬ್ಬ ಪ್ರೊಫೆಸರ್ ಸೀಸದ ಕೊಳವೆಯ ಏಟಿನಿಂದ ಸಾಯುತ್ತಾನೆ. ಕೊಂದದ್ದು ಎತ್ತಿನ ಗಾತ್ರದ ಒಂದು ಕಡಜ. ಅಂದರೆ ಮನುಷ್ಯರೂಪ ತಾಳಬಲ್ಲ, ಬೇರೆ ಲೋಕದ ಕಡಜ. ನೆರೆದವರಲ್ಲಿ ಅದು ಯಾರು ಎಂಬುದೇ ಸಮಸ್ಯೆ.

ಅತ್ತೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. 'ಆ ಪಾದ್ರಿ ಅದಾನ ನೋಡು, ಅವನ. ಭಾಳ ಮೆತ್ತಗ ಮಾತಾಡತಾನ.'

ಅವರು ಹೇಳಿದ್ದು ನಿಜವಾಯಿತು. ಅದಕ್ಕೆ ಮುನ್ನ ಇನ್ನೂ ಹಲವು ಕಾಂಡಗಳಿದ್ದವು. ಬಂಗಲೆಯೊಡತಿಯ ಜೊತೆಗೆ ಭಾರತದಿಂದ ಬಂದ ಚಂದ್ರಕಲಾ ಎಂಬ ಹೆಂಗಸಿನ ಮೇಲೆ ಮಾಳಿಗೆಯಿಂದ ಕಲ್ಲಿನ ಬೊಂಬೆ ಉರುಳಿಸಿ ಕೊಲ್ಲುತ್ತಾರೆ. ಅತ್ತೆಗೆ ಅದು ಸರಿಬರಲಿಲ್ಲ. 'ಅಷ್ಟು ಮಂದ್ಯಾಗ ನಮ್ಮಾಕಿ ಒಬ್ಬಾಕೀನ ಇವರ ಕಣ್ಣಿಗೆ ಬಿದ್ಲು!' ಡಾಕ್ಟರನ ಪಾನೀಯಕ್ಕೆ ಯಾರೋ ಸಯನೈಡ್ ಬೆರೆಸಿದಾಗ, ಅವನು ಅಡುಗೆಮನೆಗೆ ಓಡಿ ಶುಂಠಿಯ ಬೀರು, ಅಕ್ರೋಟು, ಉಪ್ಪುಮೀನು ಎಂದು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು, ಕೊನೆಗೆ ಡೊನ್ನಾ ಕೊಟ್ಟ ಮುತ್ತಿನ ಆಘಾತದಿಂದ ವಿಷ ಕಕ್ಕುತ್ತಾನೆ. ಹುಡುಗ ಮುತ್ತಿನ ಹೊತ್ತಿಗೆ ರಿಮೋಟ್ ಹುಡುಕಿದ. ಅತ್ತೆಯ ಗಮನ ಔಷಧಿಯ ಮೇಲೆಯೇ ಇತ್ತು. 'ಸವಣೂರ ಖಾರ ಒಂದು ಮುಕ್ಕು ಕೊಟ್ಟಿದ್ರ ಸಾಕಿತ್ತು. ವಿಷ ತಾನ ಎದ್ದು ಹೋಗತಿತ್ತು.'

ಈ ಕಂತಿನ ಬೇರು ಭಾರತದಲ್ಲಿದೆ. ಬಂಗಲೆಯೊಡತಿ ಲೇಡಿ ಎಡಿಸನ್ ತರುಣಿಯಾಗಿದ್ದಾಗ 1885ರ ದೆಹಲಿಯಲ್ಲಿ ಒಬ್ಬ ಸುಂದರನನ್ನು ಪ್ರೀತಿಸಿದ್ದಳು. ಅವನೇ ಮಾರುವೇಷದ ಕಡಜ. ಮಳೆಗಾಲದಲ್ಲಿ ಯಮುನೆ ಉಕ್ಕಿ ಅವನು ಕೊಚ್ಚಿಹೋದ. ಹುಟ್ಟಿದ ಮಗುವನ್ನು ಇವಳು ಗುಟ್ಟಾಗಿ ಅನಾಥಾಲಯಕ್ಕೆ ಕೊಟ್ಟಳು. ಆ ಮಗುವೇ ಈ ಪಾದ್ರಿ. ಹೆತ್ತ ಕೂಸನ್ನು ನೀರಿಗೆ ಬಿಟ್ಟು ಮುಂದೆ ಅದೇ ಮಗನಿಂದ ಕಷ್ಟಕ್ಕೆ ಬೀಳುವ ತಾಯಿಯ ಕಥೆ ನಮಗೇನು ಹೊಸದೇ! ಆ ಪಾತ್ರ ಮಾಡಿದ ಫೆಲಿಸಿಟಿ ಕೆಂಡಲ್ ಅವರಿಗೂ ಭಾರತ ಹೊಸದಲ್ಲ. ಅವರ ತಂದೆ ಜೆಫ್ರಿ ಕೆಂಡಲ್ ಈ ದೇಶದ ಉದ್ದಗಲಕ್ಕೂ ಷೇಕ್ಸ್‌ಪಿಯರ್ ನಾಟಕ ಆಡಿಕೊಂಡು ತಿರುಗಿದ ಕಂಪನಿಯ ಮಾಲೀಕರು. ಅಕ್ಕ ಜೆನಿಫರ್ ಮದುವೆಯಾದದ್ದು ಶಶಿ ಕಪೂರ್ ಅವರನ್ನು. ಫೆಲಿಸಿಟಿ ಬೆಳೆದದ್ದೇ ಆ ತಿರುಗಾಟದ ಕಂಪನಿಯಲ್ಲಿ. ಕಂಪನಿ ನಾಟಕದ ಮಣ್ಣಿನಲ್ಲಿ ಬೆಳೆದ ನಮಗೆ ಆಕೆ ದೂರದವರೆನಿಸುವುದಿಲ್ಲ.

ನನ್ನನ್ನು ಹಿಡಿದು ಕೂಡಿಸಿದ್ದು ಇದಾವುದೂ ಅಲ್ಲ, ಅದರ ಹಿಂದಿನ ನಿಜಸಂಗತಿ. ಡಿಸೆಂಬರ್ 3, 1926ರ ರಾತ್ರಿ ಅಗಾಥಾ ಕ್ರಿಸ್ಟಿ ನಿಜವಾಗಿಯೂ ಮನೆಯಿಂದ ಕಾಣೆಯಾದರು. ಗಂಡ ಬೇರೊಬ್ಬಳಿಗೆ ಮನಸ್ಸು ಕೊಟ್ಟಿದ್ದ. ಕಾರು ಸರ್ರೆಯ ನ್ಯೂಲ್ಯಾಂಡ್ಸ್ ಕಾರ್ನರ್ ಬಳಿ ಸಿಕ್ಕಿತು, ಹೆಂಗಸು ಸಿಗಲಿಲ್ಲ. ಪೊಲೀಸರು ಹತ್ತಿರದ ಕೊಳ ಜಾಲಾಡಿದರು. ಷರ್ಲಾಕ್ ಹೋಮ್ಸನ ಜನಕ ಕಾನನ್ ಡಾಯ್ಲ್ ಆಕೆಯ ಕೈಗವಸನ್ನು ಒಯ್ದು ಕಣಿ ಹೇಳುವವನ ಕೈಗೆ ಕೊಟ್ಟರು. ತರ್ಕದಿಂದಲೇ ಎಲ್ಲವನ್ನೂ ಬಿಡಿಸುವ ಹೋಮ್ಸನನ್ನು ಸೃಷ್ಟಿಸಿದವರು ತಮ್ಮ ಹೊತ್ತು ಬಂದಾಗ ನಮ್ಮಂತೆಯೇ ಕಣಿ ಕೇಳಲು ಹೋದರು ಎಂಬುದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ. ಕೊನೆಗೆ ಡಿಸೆಂಬರ್ 14ರಂದು ಹ್ಯಾರೊಗೇಟಿನ ಹೋಟೆಲೊಂದರಲ್ಲಿ ಆಕೆ ಪತ್ತೆಯಾದರು. ರಿಜಿಸ್ಟರಿನಲ್ಲಿ ಬರೆಸಿದ್ದ ಹೆಸರು ತೆರೆಸಾ ನೀಲ್. ನೀಲ್ ಎಂಬುದು ಗಂಡ ಮೆಚ್ಚಿದವಳ ಮನೆತನದ ಹೆಸರು! ಆ ದಿನಗಳ ವಿಷಯವಾಗಿ ತಮ್ಮ ಆತ್ಮಕಥೆಯಲ್ಲಿ ಅವರು ಏನೂ ಬರೆಯಲಿಲ್ಲ.

ಇಷ್ಟನ್ನೂ ಹುಡುಗ ಕನ್ನಡದಲ್ಲಿ ಹೇಳಿದ ಮೇಲೆ ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಅಜ್ಞಾತವಾಸ ಮಾಡ್ಯಾಳ, ಪಾಪ,' ಅಂದರು. 'ದ್ರೌಪದಿಗೆ ಐದ ಮಂದಿ ಇದ್ರು. ಈಕಿಗೆ ಇದ್ದವನೂ ಇರಲಿಲ್ಲ.'

ಕಂತು ಬರೆದವರು ಆ ಖಾಲಿ ದಿನಗಳೊಳಗೆ ಕಡಜವನ್ನು ಬಿಟ್ಟಿದ್ದಾರೆ. ದೊಡ್ಡ ಲೇಖಕಿಯ ದೊಡ್ಡ ದುಃಖವನ್ನು ತಮಾಷೆ ಮಾಡಿದರಲ್ಲ ಎಂದು ಮೊದಲು ಅನಿಸುತ್ತದೆ. ನೋಡುತ್ತ ಹೋದಂತೆ ಹಾಗಲ್ಲ ಎಂದು ತಿಳಿಯುತ್ತದೆ. ಅವರಿಗೆ ಆಕೆಯ ಪುಸ್ತಕಗಳೆಲ್ಲ ಬಾಯಿಪಾಠ. ಪಾತ್ರಗಳ ಮಾತಿನೊಳಗೆ ಆಕೆಯ ಕಾದಂಬರಿಗಳ ಹೆಸರುಗಳನ್ನೇ ಹುದುಗಿಸಿಟ್ಟಿದ್ದಾರೆ, ಓದಿದವರು ಮುಸಿಮುಸಿ ನಗಲಿ ಎಂದು. ಕೊನೆಯಲ್ಲಿ ಡಾಕ್ಟರ್ ತನ್ನ ನೌಕೆಯ ಪೆಟ್ಟಿಗೆಯೊಂದರಿಂದ ಅಗಾಥಾರ 'ಡೆತ್ ಇನ್ ದ ಕ್ಲೌಡ್ಸ್' ಕಾದಂಬರಿಯ ಒಂದು ಪ್ರತಿ ತೆಗೆದು ಡೊನ್ನಾಗೆ ತೋರಿಸುತ್ತಾನೆ. ರಕ್ಷಾಪುಟದ ಮೇಲೆ ದೊಡ್ಡದೊಂದು ಕಡಜ. ಒಳಗೆ ಮುದ್ರಣದ ವರ್ಷ: ಐದುನೂರು ಕೋಟಿ. ಅಲ್ಲಿಯವರೆಗೂ ಜನ ಆಕೆಯನ್ನು ಓದುತ್ತಿರುತ್ತಾರಂತೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಇಂಥದ್ದೊಂದು ಕಂತು ನಮ್ಮ ಕಡೆ ಯಾಕೆ ಆಗಬಾರದು ಎಂದು ಮಲಗಿದಲ್ಲೇ ಚಿತ್ರೀಕರಣ ಶುರು ಮಾಡಿದೆ. ಜಾಗಗಳನ್ನು ಹುಡುಕಿಕೊಂಡು ಹಾವೇರಿ ಜಿಲ್ಲೆಯ ಗಡಿ ದಾಟಬೇಕಾಗಿಲ್ಲ.

ನೀಲಿ ಪೆಟ್ಟಿಗೆಗೆ ಸವಣೂರಿದೆ. ಹೊರಗಿನಿಂದ ಚಿಕ್ಕದು, ಒಳಗೆ ಹೋದರೆ ಅರಮನೆ ಎಂಬುದು ಆ ಪೆಟ್ಟಿಗೆಯ ಹೆಚ್ಚುಗಾರಿಕೆ. ಸವಣೂರಿನ ದೊಡ್ಡಹುಣಸೆ ಮಠದ ಬಾವೊಬಾಬ್ ಮರಗಳನ್ನು ಕಂಡವರಿಗೆ ಅದರಲ್ಲಿ ಆಶ್ಚರ್ಯವಿಲ್ಲ. ಆಫ್ರಿಕದ ಮರಗಳು, ನೂರಾರು ವರ್ಷದವು. ಯಾರು ತಂದರು, ಹೇಗೆ ತಂದರು ಎಂಬುದಕ್ಕೆ ಊರಲ್ಲಿ ತಲೆಗೊಂದು ಕಥೆ. ಬೇರೆ ಲೋಕದಿಂದ ಬಂದಿಳಿದವು ಎಂದರೂ ಅವುಗಳ ಸೊಂಟದ ಸುತ್ತಳತೆ ನೋಡಿದವರು ತಕರಾರು ಮಾಡಲಿಕ್ಕಿಲ್ಲ. ಡಾಕ್ಟರ್ ಆ ಬೊಡ್ಡೆಯಿಂದ ಹೊರಗೆ ಬಂದು, ಎದುರಿನ ಅಂಗಡಿಯಲ್ಲಿ ಒಂದು ಕವಳಿ ಸವಣೂರ ಎಲೆ ಕೊಂಡರೆ ಮೊದಲ ದೃಶ್ಯ ಮುಗಿಯಿತು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ. ಹದಿನೇಳರ ಹುಡುಗನಾಗಿ ಒಂದು ಕ್ಷಣ ರಸ್ತೆ ದಾಟಲಿ.

ಭಯಕ್ಕೆ ಶಿಗ್ಗಾಂವಿ ತಾಲ್ಲೂಕು. ಇದೇ ಧಾರಾವಾಹಿಯಲ್ಲಿ ಕಲ್ಲಿನ ದೇವದೂತರಿದ್ದಾರೆ. ನೋಡುತ್ತಿರುವವರೆಗೆ ವಿಗ್ರಹ, ಕಣ್ಣು ಮಿಟುಕಿಸಿದರೆ ಮುಂದೆ ಬಂದುಬಿಡುತ್ತವೆ. ಇದನ್ನು ತಿಳಿದ ಮೇಲೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿಗೆ ಹೋಗಿ ನೋಡಿ. ಕಲಾವಿದ ಸೊಲಬಕ್ಕನವರ ಕಲ್ಪನೆಯಲ್ಲಿ ಎದ್ದ ಊರದು. ಗೌಡರು, ಕುಂಬಾರ, ಕಮ್ಮಾರ, ಕುರಿ ಕಾಯುವವ, ಎತ್ತು, ಎಮ್ಮೆ ಎಲ್ಲವೂ ಆಳೆತ್ತರದ ಪ್ರತಿಮೆ. ಎಷ್ಟು ಜೀವಂತವಾಗಿವೆ ಎಂದರೆ, ನಮ್ಮೂರ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತ ಪ್ರತಿಮೆಗೆ ನಮಸ್ಕಾರ ಹೇಳಿ, ಉತ್ತರ ಬರದ್ದಕ್ಕೆ ಸಿಟ್ಟಾಗಿ ಬಂದಿದ್ದರು. ಅಲ್ಲಿ ಕೊಲೆಯಾದರೆ ಸಾಕ್ಷಿಗಳಿಗೆ ಬರವಿಲ್ಲ, ಬಾಯಿ ಬಿಡುವವರು ಮಾತ್ರ ಇಲ್ಲ. ನಿಜವಾದ ಹಳ್ಳಿಗಳಲ್ಲೂ ಪರಿಸ್ಥಿತಿ ಬಹಳ ಬೇರೆಯಾಗಿಲ್ಲ ಎಂದು ಪೊಲೀಸರು ಹೇಳಬಹುದು.

ಅದೇ ತಾಲ್ಲೂಕಿನ ಶಿಶುನಾಳದ ಷರೀಫ ಸಾಹೇಬರನ್ನು ಬಿಡುವಂತಿಲ್ಲ. ಕಂಡಕಂಡದ್ದೆಲ್ಲ ಒಂದನ್ನೊಂದು ನುಂಗುವ ಅವರ ಹಾಡಿಗಿಂತ ಗಡಚಾದ ಪತ್ತೇದಾರಿ ಎಲ್ಲಿದೆ? ನುಂಗಿದವರು ಯಾರು, ನುಂಗಿಸಿಕೊಂಡವರು ಯಾರು ಎಂದು ಪಟ್ಟಿ ಹಾಕುತ್ತ ಹೋದರೆ ಕೊನೆಗೆ ಗುರುಪಾದವೇ ನಮ್ಮನ್ನು ನುಂಗಿ ಕೂತಿರುತ್ತದೆ. ಆದರೆ ಅವರು 1889ರಲ್ಲೇ ತೀರಿಕೊಂಡರು. ಪೆಟ್ಟಿಗೆಯ ಮುಳ್ಳನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು.

ಹಿರೇಕೆರೂರು ಕಡೆಗೆ ಹೊರಳಿದರೆ ಅಬಲೂರು. ಅಲ್ಲಿಯ ಸೋಮೇಶ್ವರ ಗುಡಿಯ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಪಂಥಕ್ಕಾಗಿ ತನ್ನ ತಲೆ ತಾನೇ ಕಡಿದು ಶಿವನಿಗರ್ಪಿಸಿ, ಏಳು ದಿನದ ಮೇಲೆ ಗಾಯದ ಗುರುತೂ ಇಲ್ಲದಂತೆ ಮರಳಿ ಪಡೆದ. ರಾಜ ಬಿಜ್ಜಳ ಜಯಪತ್ರ ಬರೆದುಕೊಟ್ಟ. ಪತ್ತೇದಾರನಿಗೆ ಇದಕ್ಕಿಂತ ದೊಡ್ಡ ಫಜೀತಿ ಇಲ್ಲ. ರುಂಡ ಬೇರೆ, ಮುಂಡ ಬೇರೆ ಎಂದು ಅವನು ವರದಿ ಬರೆದು ಮುಗಿಸುವಷ್ಟರಲ್ಲಿ ಸತ್ತವನೇ ಬಂದು ಸಹಿ ಹಾಕುತ್ತಾನೆ.

ಇನ್ನು ಕೊಲೆಗೆ ಹಾನಗಲ್ಲು ಇದ್ದೇ ಇದೆ. ತಾರಕೇಶ್ವರ ಗುಡಿಯ ಕಮಲದ ಛತ್ತಿನ ಕೆಳಗೆ ಶವ. ಕಡಜವನ್ನು ಮುಳುಗಿಸಲು ಆನೆಕೆರೆ. ಮಳೆಗಾಲದಲ್ಲಿ ಚಿತ್ರೀಕರಣ ಇಟ್ಟುಕೊಂಡರೆ ನೀರಿಗೆ ಕೊರತೆಯಿಲ್ಲ.

ಕಾದಂಬರಿಕಾರ ಯಾರು ಎಂಬುದನ್ನು ನಾನು ಯೋಚಿಸಲೇ ಇಲ್ಲ. ಅವರು ತಾವಾಗಿಯೇ ನಡೆದುಕೊಂಡು ಬಂದರು, ಬೆನ್ನ ಮೇಲೆ ಪುಸ್ತಕದ ಗಂಟು ಹೊತ್ತುಕೊಂಡು.

ವೆಂಕಟೇಶ ತಿರಕೋ ಕುಲಕರ್ಣಿ. ವರದೆಯೂ ತುಂಗಭದ್ರೆಯೂ ಕೂಡುವಲ್ಲಿರುವ ಗಳಗನಾಥದ ಹೆಸರಿನಿಂದಲೇ ನಾಡಿಗೆ ಪರಿಚಿತರು. ಹುಟ್ಟಿದ್ದು 1869, ತೀರಿಕೊಂಡದ್ದು 1942. ಸಾಲಿ ಮಾಸ್ತರರಾಗಿದ್ದವರು. ಮುಂಬಯಿ ಇಲಾಖೆಯ ನಮ್ಮ ಕಡೆಯ ಓದು ಬಲ್ಲವರ ಮನೆಗಳಲ್ಲಿ ಮರಾಠಿ ಪುಸ್ತಕಗಳೇ ತುಂಬಿದ್ದ ಕಾಲ ಅದು. ಇವರು ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ತಾವೂ ಬರೆದರು. 1907ರಲ್ಲಿ ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಹೊರಟಾಗ ಅದರ ಬೆನ್ನೆಲುಬಾದರು. 'ಕುಮುದಿನಿ', 'ರಾಣಿ ಮೃಣಾಲಿನಿ', 'ಈಶ್ವರೀ ಸೂತ್ರ', 'ಧರ್ಮರಹಸ್ಯ', ವಿಜಯನಗರದ ಹುಟ್ಟಿಗೆ 'ಮಾಧವ ಕರುಣಾವಿಲಾಸ', ಅದರ ಪತನಕ್ಕೆ 'ಕನ್ನಡಿಗರ ಕರ್ಮಕಥೆ'. ಅಚ್ಚು ಹಾಕಿಸಿದ ಪುಸ್ತಕ ತಾನಾಗಿ ಓದುಗರ ಮನೆಗೆ ನಡೆದುಹೋಗುವುದಿಲ್ಲವಲ್ಲ. ಅದಕ್ಕೆ ಇವರೇ ಹೊತ್ತುಕೊಂಡು ಊರೂರು ನಡೆದು ಮಾರಿದರು. ಅಗಾಥಾ ಮೂವತ್ತಾರರ ವಯಸ್ಸಿನಲ್ಲಿ ಹ್ಯಾರೊಗೇಟಿನ ಹೋಟೆಲಿನಲ್ಲಿ ತಲೆಮರೆಸಿಕೊಂಡಿದ್ದ ವರ್ಷ ಗಳಗನಾಥರಿಗೆ ಐವತ್ತೇಳು.

ನನ್ನ ಕಂತಿನಲ್ಲಿ ಅವರು ಡಾಕ್ಟರನನ್ನು ನೋಡಿ ಬೆರಗಾಗುವುದಿಲ್ಲ. ಗಂಟು ಇಳಿಸಿ, 'ಪುಸ್ತಕ ತಗೋತೀರೇನ್ರಿ?' ಎಂದು ಕೇಳುತ್ತಾರೆ. ಡಾಕ್ಟರನ ಹತ್ತಿರ ಒಂದು ಮಾಯಾಕಾಗದ ಇದೆ. ಅವನು ಏನು ತೋರಿಸಬೇಕೆಂದುಕೊಂಡರೂ ನೋಡುವವರಿಗೆ ಅದೇ ಕಾಣುತ್ತದೆ. ಅದನ್ನು ಹತ್ತು ರೂಪಾಯಿ ನೋಟೆಂದು ಮುಂದೆ ಹಿಡಿಯುತ್ತಾನೆ. ಮಾಸ್ತರು ಕನ್ನಡಕ ಸರಿಮಾಡಿಕೊಂಡು ನೋಡಿ, 'ಇದು ಖಾಲಿ ಐತಲ್ರಿ' ಎನ್ನುತ್ತಾರೆ. ಉದ್ರಿ ಗಿರಾಕಿಗಳನ್ನು ಅಷ್ಟು ವರ್ಷ ಕಂಡವರ ಮುಂದೆ ಯಾವ ಮಾಯಾಕಾಗದ ನಡೆದೀತು? ಮುಂದೆ ಕೊಲೆಗಾರನನ್ನು ಹಿಡಿಯುವವರೂ ಅವರೇ. ಡಾಕ್ಟರ್ ಗಾಬರಿಯಾಗಿ 'ಇದೇನ್ರಿ ಇದು?' ಎಂದಾಗ ಅವರ ಉತ್ತರ: 'ಕನ್ನಡಿಗರ ಕರ್ಮಕಥೆ.' ಓದಿದವರು ಮುಸಿಮುಸಿ ನಗಬೇಕು.

ಇಲ್ಲಿಗೆ ಬಂದು ನನ್ನ ಚಿತ್ರೀಕರಣ ನಿಂತುಹೋಯಿತು. ನಗುವವರು ಎಷ್ಟು ಜನ? ಅಗಾಥಾರ ಕಂತು ನಗಿಸುವುದು ನೋಡುವವರು ಆಕೆಯನ್ನು ಓದಿರುವುದರಿಂದ. ನಾವು ನಮ್ಮ ಲೇಖಕರಿಗೆ ಹಾರ ಹಾಕುತ್ತೇವೆ, ದ್ವಾರಕ್ಕೆ ಹೆಸರಿಡುತ್ತೇವೆ, ಜಯಂತಿಗೆ ಉಪನ್ಯಾಸ ಏರ್ಪಡಿಸುತ್ತೇವೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವೇ ನಡೆಯಿತು. ಆದರೆ ಅವರೊಡನೆ ಆಟವಾಡುವಷ್ಟು ಸಲಿಗೆ ನಮಗಿಲ್ಲ. ಗಳಗನಾಥರ ಹಿಂದೆ ಕಡಜ ಬಿಟ್ಟರೆ ನಾಳೆ ಬೆಳಿಗ್ಗೆ ತಹಸೀಲ್ದಾರರಿಗೆ ಒಂದು ಮನವಿ ಹೋಗುತ್ತದೆ. ಕೊಡುವವರಲ್ಲಿ 'ಕುಮುದಿನಿ' ಓದಿದವರು ಸಿಗುವುದು ಕಷ್ಟ.

ಹಿಂದೆ ಹೀಗಿರಲಿಲ್ಲ. ಅತ್ತೆಯ ಕಾಲದ ಹೆಂಗಸರು ಮಧ್ಯಾಹ್ನ ಅಕ್ಕಿ ಆರಿಸುತ್ತ ಒಬ್ಬಳಿಂದ ಗಳಗನಾಥರನ್ನು ಓದಿಸಿ ಕೇಳುತ್ತಿದ್ದರು. ನನ್ನ ಬಾಲ್ಯದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಾಳೆಹಣ್ಣಿನ ಗೊನೆಯ ಪಕ್ಕದಲ್ಲೇ ತೂಗುತ್ತಿದ್ದ. ಆಮೇಲೆ ದೂರದರ್ಶನದಲ್ಲಿ ಗಜ್ಜರಿ ಕಡಿಯುವ ಕರಮ್‌ಚಂದ್ ಬಂದ, ಧೋತರದ ಬ್ಯೋಮಕೇಶ್ ಬಕ್ಷಿ ಬಂದ. ಇಬ್ಬರೂ ಒಳ್ಳೆಯವರೇ. ಆದರೆ ಮಾತಾಡಿದ್ದು ಹಿಂದಿಯಲ್ಲಿ.

ಮರುದಿನ ಹುಡುಗ ಹೊರಡುವಾಗ ಅತ್ತೆ ತಮ್ಮ ಕೋಣೆಯ ಟ್ರಂಕಿನಿಂದ ಒಂದು ಪುಸ್ತಕ ತೆಗೆಸಿದರು. ರಟ್ಟು ಹೋಗಿತ್ತು, ಮೊದಲ ಪುಟಗಳೂ ಇರಲಿಲ್ಲ. 'ಮಾಧವ ಕರುಣಾವಿಲಾಸ.' 'ಇದನ್ನೂ ಟಿವಿಗೆ ಹಚ್ಚಲಿಕ್ಕೆ ಬರ್ತದೇನು ನೋಡು,' ಎಂದು ಅವನ ಕೈಗೆ ಕೊಟ್ಟರು. ಅವನು ಬಸ್ಸಿನಲ್ಲಿ ಒಂದಿಷ್ಟು ಓದಿದ್ದಾನೆ. ಭಾಷೆ ಗಟ್ಟಿಯಿದೆ, ಆದರೆ ಕಥೆ ಬಿಡುವುದಿಲ್ಲ ಎಂದು ಫೋನಿನಲ್ಲಿ ಹೇಳಿದ.

ಟಿವಿಯ ಮಂದಿ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಅರಿಕೆ: ಮರ, ಪ್ರತಿಮೆ, ಗುಡಿ, ಕೆರೆ, ಕೊಲೆ ಎಲ್ಲ ನಮ್ಮಲ್ಲಿ ಸಿದ್ಧವಿವೆ. ನೀವು ಕಡಜವೊಂದನ್ನು ತಂದರೆ ಸಾಕು. ಉಳಿದವರಿಗೆ ಇನ್ನೊಂದು. ನಿಮ್ಮೂರ ವಾಚನಾಲಯಕ್ಕೆ ಹೋಗಿ ಗಳಗನಾಥರ ಯಾವುದಾದರೂ ಒಂದು ಕಾದಂಬರಿ ಕೇಳಿ. ಕಪಾಟಿನ ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರೆ, ಬರುವತನಕ ಅಲ್ಲೇ ಕೂತಿರಿ.